ವಾಟಲ್ ಕ್ರೀಕ್‌ನ ಕಲ್ಲುಸುತ್ತು

"ಅಲ್ಲೇ ನಿಲ್ಲಿ. ಒಂದು ಹೆಜ್ಜೆನೂ ಮುಂದೆ ಇಡಬೇಡಿ."

ಚೀನೀಯರ ಪಿತೃಪೂಜೆಯ ಎಡೆಗೆಂದು ಹುರಿದ ಹಂದಿಮಾಂಸದ ತಟ್ಟೆ, ಮೂರು ಚಹಾ ಬಟ್ಟಲು ಹಿಡಿದು ಬಂದಿದ್ದ ರೊವೆನಾ ಗಕ್ಕನೆ ನಿಂತಳು. ಅವಳ ಹಿರಿಯಜ್ಜನ ಸಮಾಧಿಯ ದುಂಡನೆಯ ಕಲ್ಲುಸುತ್ತಿನ ತುಂಬ ಯಾರೋ ದಾರ ಕಟ್ಟಿದ್ದರು. ನಡುವೆ ಒಬ್ಬ ಮಂಡಿಯೂರಿ ಕರಣೆಯಿಂದ ಮಣ್ಣು ಕೆರೆಯುತ್ತಿದ್ದ.

"ಚಿಂಗ್ ಮಿಂಗ್ ದಿನ ನಮ್ಮ ಹಿರಿಯರ ಹತ್ರ ಹೋಗೋಕೆ ನಿಮ್ಮಪ್ಪಣೆ ಬೇಕಾ?"

ಅವನು ಎದ್ದು ಟೋಪಿ ತೆಗೆದ. "ನಾನು ಜ್ಯಾಗೊ ಟ್ರೆವೆನಾ, ಉತ್ಖನನದವನು. ಕ್ಷಮಿಸಿ... ಇದು ಸಮಾಧಿ ಅಂತ ಯಾರೂ ಹೇಳಲಿಲ್ಲ."

"ಕೇಳಿದ್ರೆ ತಾನೆ ಹೇಳೋದು."

ಅವನು ದಾರ ಬಿಚ್ಚಿದ. ಅವಳು ಊದುಬತ್ತಿ ಹಚ್ಚಿ ಮೂರು ಸಲ ಬಾಗುವವರೆಗೂ ಬಿಸಿಲಲ್ಲಿ ತಲೆತಗ್ಗಿಸಿ ನಿಂತ. ಕೊಟ್ಟ ಮಾಂಸವನ್ನು ಬೆರಳು ನೆಕ್ಕಿಕೊಂಡು ತಿಂದ. ಅಷ್ಟಕ್ಕೇ ಅವಳ ಸಿಟ್ಟು ಅರ್ಧ ಇಳಿಯಿತು.

ಚೀನಾದಿಂದ ಬಂದ ಹಿರಿಯಜ್ಜ ದುಡಿದಿದ್ದ ವಾಟಲ್ ಕ್ರೀಕ್‌ನ ಚಿನ್ನದ ಗಣಿ ಮುಚ್ಚಿ ನೂರು ವರ್ಷ ದಾಟಿತ್ತು. ಈಗೊಂದು ಹೊಸ ಕಂಪನಿ ಕಲ್ಲುಸುತ್ತಿದ್ದ ದಿಬ್ಬದ ಹಳೇ ಗಣಿಮಣ್ಣನ್ನು ಮತ್ತೆ ಜಾಲಿಸಲು ಬಂದಿತ್ತು. ಅಗೆದು ನೋಡಿ ವರದಿ ಕೊಡಲು ಜ್ಯಾಗೊನನ್ನು ಕರೆಸಿದ್ದೂ ಅವರೇ. ಕಾಪಾಡುವಂಥದ್ದು ಏನೂ ಇಲ್ಲ ಎಂದು ಅವನು ಬರೆದರೆ ಬುಲ್ಡೋಜರ್ ಹರಿಯುತ್ತಿತ್ತು. ಸಮಾಧಿ ಎಂದು ಬರೆದರೆ ಯಾರೂ ಮುಟ್ಟುವಂತಿರಲಿಲ್ಲ.

ರೊವೆನಾ ದಿನವೂ ತನ್ನ ಬೇಕರಿ ಮುಚ್ಚಿದ ಮೇಲೆ ಅವನ ಜೊತೆ ಮಣ್ಣು ಜರಡಿ ಹಿಡಿಯತೊಡಗಿದಳು. ಮೂರು ವಾರದಲ್ಲಿ 'ನೀವು' ಹೋಗಿ 'ನೀನು' ಬಂತು.

'ಇವನ ಪಕ್ಕ ಕೂತರೆ ಹೊತ್ತು ಹೋಗೋದೇ ಗೊತ್ತಾಗಲ್ಲ...'

ಒಂದು ಮಧ್ಯಾಹ್ನ ಅವನು ಸಪ್ಪಗೆ ಕುಳಿತಿದ್ದ.

"ರೊವೆನಾ... ಇದು ಸಮಾಧಿಯಲ್ಲ. ಒಲೆ."

"ತಮಾಷೆ ಮಾಡ್ತಿದೀಯಾ?"

"ಇಡೀ ಹಂದಿ ಇಳಿಬಿಟ್ಟು ಹುರಿಯೋ ಒಲೆ. ಕಲ್ಲಿನ ಒಳಮೈಯೆಲ್ಲ ಸುಟ್ಟಿದೆ. ಸಿಕ್ಕ ಮೂಳೆನೂ ಹಂದಿದೇ. ನಿಮ್ಮ ಹಿರಿಯಜ್ಜನ ಮೂಳೆ ಚೀನಾಕ್ಕೆ, ಅವರೂರಿಗೇ ಹೋಗಿವೆ. ಆಗೆಲ್ಲ ಹಾಗೇ ಕಳಿಸ್ತಿದ್ರು. ಮೂಳೆ ಕಳಿಸಿದ ಹಡಗಿನ ಹಳೇ ಪಟ್ಟೀಲಿ ಅವರ ಹೆಸರು ನೋಡಿದೆ."

ನಾಲ್ಕು ತಲೆಮಾರು ಒಂದು ಒಲೆಗೆ ಕೈಮುಗಿದಿತ್ತೆ? ಅಜ್ಜಿಗೆ ಏನೆಂದು ಹೇಳುವುದು?

"ಬೇರೆ ಯಾರಿಗೂ ಗೊತ್ತಿಲ್ಲ ಅಲ್ವಾ? ಸಮಾಧಿ ಅಂತಲೇ ಬರಿ. ಜಾಗ ಉಳಿಯುತ್ತೆ."

"ಸುಳ್ಳು ಬರೆಯಲ್ಲ."

"ನನಗೋಸ್ಕರ ಕೂಡ?"

ಅವನು ಬಗ್ಗಿ ಮೂಳೆಗಳನ್ನು ಚೀಲಕ್ಕೆ ತುಂಬತೊಡಗಿದ. ಜರಡಿ ಕೆಳಗಿಟ್ಟು ಹೋದವಳು ಆಮೇಲೆ ಅವನ ಕರೆ ಎತ್ತಲಿಲ್ಲ. ಕಂಪನಿಯ ಅನ್ನ ತಿನ್ನುವವನು ಇನ್ನೇನು ಬರೆದಾನು ಎಂದು ತನ್ನನ್ನೇ ನಂಬಿಸಿಕೊಂಡಳು.

ಕಂಪನಿಗೆ ಅನುಮತಿ ಕೊಡಬೇಕೇ ಎಂಬ ಸರ್ಕಾರಿ ವಿಚಾರಣೆ ಊರ ಸಭಾಭವನದಲ್ಲಿ ನಡೆಯಿತು. ಒಲೆಯ ವಿಷಯ ಇನ್ನೂ ತಿಳಿಯದ ಅಜ್ಜಿ ಪೋಪೋಳ ಕೈಹಿಡಿದು ರೊವೆನಾ ಹಿಂದಿನ ಸಾಲಿನಲ್ಲಿ ಕುಳಿತಳು.

"ಇದು ಸಮಾಧಿಯಲ್ಲ, ಒಲೆ. ಇಲ್ಲಿ ಪೂಜೆ ಮಾಡ್ತಿದ್ದ ಹಿರಿಯರ ಮೂಳೆ ಎಂದೋ ಚೀನಾದ ಅವರೂರು ಸೇರಿವೆ," ಎಂದ ಜ್ಯಾಗೊ. ಕಂಪನಿಯವರ ಮುಖ ಅರಳಿತು.

"ಆದ್ರೆ ಒಬ್ಬನ ಹೊಟ್ಟೆಗೆ ಅಂತ ಇಷ್ಟು ದೊಡ್ಡ ಒಲೆ ಯಾರೂ ಕಟ್ಟಲ್ಲ. ನೂರು ಜನಕ್ಕೆ ಹಬ್ಬದೂಟ ಹಾಕೋರು ಕಟ್ತಾರೆ. ಚೀನೀಯರು ಚಿನ್ನ ಬಾಚ್ಕೊಂಡು ಹೋದ ದಾರಿಹೋಕರು ಅಂತ ನಮಗೆ ಹೇಳ್ಕೊಟ್ರು. ಇಲ್ಲಿ ಅವರ ಊರೇ ಇತ್ತು. ತೋಟದ ಕಟ್ಟೆ, ಮನೆಗಳ ಪಾಯ, ಎಲ್ಲ ಸಿಕ್ಕಿದೆ. ಇಡೀ ದಿಬ್ಬ ಉಳೀಬೇಕು."

ರೊವೆನಾ ಹೆದರುತ್ತಲೇ ಅಜ್ಜಿಯತ್ತ ತಿರುಗಿದಳು. ಪೋಪೋಳ ಭುಜ ಕುಲುಕುತ್ತಿತ್ತು... ನಗುತ್ತಿದ್ದಳು ಮುದುಕಿ!

"ಜೀವಮಾನವೆಲ್ಲ ಒಲೆಗೇ ಊಟ ಬಡಿಸಿದೆನಲ್ಲೇ ಹುಡುಗಿ. ಅದಕ್ಕೇ ಒಂದು ವರನೂ ಕೊಡಲಿಲ್ಲ ಅದು." ಆಮೇಲೆ ಕಣ್ಣೊರೆಸಿಕೊಂಡಳು. "ಅಜ್ಜ ಊರು ಸೇರಿದನಂತಲ್ಲ. ಅಷ್ಟು ಸಾಕು."

ಸಂಜೆಯೊಳಗೆ ತೀರ್ಪು ಬಂತು. ದಿಬ್ಬದ ಒಂದು ಕಲ್ಲನ್ನೂ ಅಲುಗಿಸುವಂತಿಲ್ಲ.

ಜ್ಯಾಗೊ ಹೊರಗೆ ತನ್ನ ಜೀಪಿಗೊರಗಿ ನಿಂತಿದ್ದ. ಕಾಲು ಹಿಂಜರಿದರೂ ರೊವೆನಾ ಅವನ ಹತ್ತಿರ ಹೋದಳು.

"ನೀನು ನಿನ್ನನ್ನೇ ಕಂಪನಿಗೆ ಮಾರಿಕೊಂಡೆ ಅಂದ್ಕೊಂಡಿದ್ದೆ. ತಪ್ಪಾಯ್ತು."

"ಪರವಾಗಿಲ್ಲ."

"ಸಮಾಧಿ ಅಂತ ಬರೆದಿದ್ರೆ ಅವತ್ತೇ ನಿನ್ನ ಕೈ ಹಿಡೀತಿದ್ದೆ, ಗೊತ್ತಾ?"

"ಗೊತ್ತಿತ್ತು. ಅದಕ್ಕೇ ಕಷ್ಟ ಆಯ್ತು."

"ಮತ್ತೆ ಯಾಕೆ ಬರೀಲಿಲ್ಲ?"

"ನಿನ್ನ ಜೊತೆ ಬದುಕೋ ಆಸೆ ನನಗೆ. ಸುಳ್ಳಿಂದ ಶುರು ಮಾಡಿ, ದಿನಾ ಬೆಳಿಗ್ಗೆ ಎದ್ದು ನಿನ್ನ ಮುಖ ಹೇಗೆ ನೋಡಲಿ?"

ರೊವೆನಾ ಇನ್ನೊಂದು ಹೆಜ್ಜೆ ಮುಂದೆ ಬಂದಳು. ಅವನ ಒರಟು ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಈಗ ನೋಡು."

"ಅಳ್ತಿದೀಯ..."

"ಅಳ್ತೀನಿ ಬಿಡು. ನೀನು ನೋಡ್ತಾ ಇರು."