ಜೋರು ಅಂದದ್ದು ಗಾಳಿಗೆ

"ಕೈ ಕೊಡ್ರೀ! ಜಲ್ದಿ ಕೈ ಕೊಡ್ರೀ!"

ಜೀಪಿನೊಳಗಿಂದ ಚಾಚಿದ ಆ ಕೈಯನ್ನು ನೋಡಿ ಅಮರಮ್ಮ ಒಂದು ಗಳಿಗೆ ತಡೆದಳು. ಪರಗಂಡಸಿನ ಕೈ!

ಆದರೆ ಮಸ್ಕಿ ದಾಟಿದ ಮೇಲೆ ಎದ್ದ ಗಾಳಿ ಸೆರಗನ್ನೇ ಕಿತ್ತೊಯ್ಯುವಂತಿತ್ತು. ಸುಗ್ಗಿಯ ಹೊತ್ತಿನಲ್ಲಿ ಬರಬಾರದ ಮಳೆ ಮುಖಕ್ಕೆ ರಾಚುತ್ತಿತ್ತು. ಅವಳ ಒಂದು ಕೈಯಲ್ಲಿ ಈಗಷ್ಟೇ ರಸ್ತೆಯಿಂದ ಎತ್ತಿಕೊಂಡ ಚಪ್ಪಲಿ. ಬಾಗಿಲಿಲ್ಲದ ಬಾಡಿಗೆ ಜೀಪಿನ ಅಂಚಿನಲ್ಲಿ ಕುಳಿತಿದ್ದಾಗ ಅದು ಕಾಲಿಂದ ಜಾರಿ ಬಿದ್ದಿತ್ತು. ಹೊಸ ಚಪ್ಪಲಿ! ಹಿಂದೆಮುಂದೆ ನೋಡದೆ ಇಳಿದು, ಎತ್ತಿಕೊಂಡು, ಮತ್ತೆ ಓಡಿ ಬಂದಿದ್ದಳು.

ಕೊನೆಗೆ ಕೈ ಕೊಟ್ಟಳು. ಅವನು ಒಂದು ಕೈ ಸ್ಟೇರಿಂಗ್ ಮೇಲಿಟ್ಟುಕೊಂಡೇ ಒಂದೇ ಎಳೆತಕ್ಕೆ ಒಳಗೆ ತಂದು ಕೂರಿಸಿದ.

"ಹೇಳಿದ್ರ ನಾ ಗಾಡಿ ನಿಲ್ಲಿಸ್ತಿದ್ದಿಲ್ಲೇನ್ರೀ? ನಡಿಯೋ ಗಾಡ್ಯಾಗಿಂದ ಯಾರರ ಇಳೀತಾರ?" ಡ್ರೈವರ್ ಪಂಪಣ್ಣ ಗದರಿದ.

"ಇದು ನಡಿಯಾಕತ್ತೈತೇನ್ರೀ? ತೆವಳಾಕತ್ತೈತಿ ಅನಕೊಂಡಿದ್ದೆ!"

ಪಂಪಣ್ಣನಿಗೆ ನಗು ತಡೆಯಲಾಗಲಿಲ್ಲ. ಇಬ್ಬರ ನಡುವೆ ಯಾರದೋ ಒಂದು ಬೆಲ್ಲದ ಪೆಂಟಿ, ಗೋಣಿ ಸುತ್ತಿದ ದೊಡ್ಡ ಗಟ್ಟಿ, ಗೋಡೆಯ ಹಾಗೆ ಕೂತಿತ್ತು. ಅದರ ಮೇಲಿಂದ ಅವನು ಅವಳನ್ನು ಒಮ್ಮೆ ನೋಡಿ, ಕೂಡಲೇ ರಸ್ತೆಯ ಕಡೆ ತಿರುಗಿದ.

"ಮುಂದ ನೋಡ್ರಿ. ರಸ್ತಿ ತುಂಬ ಭತ್ತ. ಒಣಗಾಕ ಹಾಕ್ಯಾರ, ಈಗ ಮಳಿ ಬಂತು. ಇದರ ಮ್ಯಾಲ ಜೋರು ಹೊಡದ್ರ ಗಾಡಿ ನಮ್ಮ ಮಾತು ಕೇಳಂಗಿಲ್ಲ."

ಅವನ ಕೈ ಬಿಟ್ಟು ಎಷ್ಟೋ ಹೊತ್ತಾಗಿತ್ತು. ಅಂಗೈ ಮಾತ್ರ ಇನ್ನೂ ಬೆಚ್ಚಗಿತ್ತು. 'ಏನಾಗೈತಿ ನನಗ...' ಎಂದುಕೊಂಡು ಅವಳು ಸೆರಗನ್ನು ಬಿಗಿದುಕೊಂಡಳು.

ಆಗಲೇ ಆದದ್ದು ಅದು.

ಬಸ್ಸಪ್ಪನೆಂಬ ರೈತ, ತನ್ನ ಭತ್ತ ನೆನೆಯುವ ಗಾಬರಿಯಲ್ಲಿ, ಹೊದಿಸುವ ತಾಡಪತ್ರಿ ಹಿಡಿದು ಜೀಪಿನ ಮುಂದೆಯೇ ಓಡಿ ಬಂದ. ಪಂಪಣ್ಣ ಬ್ರೇಕ್ ಒತ್ತಿದ. ಒದ್ದೆ ಕಾಳು ಗಾಲಿಯ ಕೆಳಗೆ ಉರುಳಿತು. ಜೀಪು ಎಣ್ಣೆ ಸುರಿದ ಬಂಡೆಯ ಮೇಲೆ ಜಾರಿದಂತೆ ಅಡ್ಡಡ್ಡ ಜಾರಿ, ರಸ್ತೆ ಪಕ್ಕದ ತಗ್ಗಿಗೆ ವಾಲಿ ನಿಂತಿತು.

"ಯಪ್ಪಾ!! ನನ್ನ ಕಾಲೋ..."

ಬಸ್ಸಪ್ಪ ಜೀಪಿನ ಅಂಚು ತಾಗಿ ಹಾರಿ ಬಿದ್ದಿದ್ದ. ಅವನ ಕಾಲು ಮುರಿದಿತ್ತು.

ಆಮೇಲೆ ಕೂಗು, ಅಳು, ಜನ. ಕೊನೆಗೆ ಪೊಲೀಸರು. ಸಾಕ್ಷಿ ಹೇಳುವ ಮಾತು ಬಂದಾಗ, ಜೀಪಿನ ಹಿಂದೆ ಕಿಕ್ಕಿರಿದು ಕುಳಿತಿದ್ದ ಮಂದಿಯೆಲ್ಲ ಎಲ್ಲಿ ಕರಗಿದರೋ! ಉಳಿದವಳು ಅಮರಮ್ಮ ಒಬ್ಬಳೇ.

"ಏನವಾ, ನೀ ಮುಂದ ಕುಂತಿದ್ದೆಲ್ಲ? ಹೆಂಗಿತ್ತು?" ಎಂದರು ಫೌಜದಾರರು.

ಅವಳ ಕಿವಿಯಲ್ಲಿ ಇನ್ನೂ ಗಾಳಿಯೇ ಭೋರೆನ್ನುತ್ತಿತ್ತು.

"ಭಾಳ... ಭಾಳ ಜೋರಿತ್ರೀ..."

ಅಷ್ಟೇ. ಫೌಜದಾರರು ಬರೆದುಕೊಂಡರು.

*

ಸಿಂಧನೂರಿನಲ್ಲಿ ಅಮರಮ್ಮನ ಅಣ್ಣ ಜಂಬಣ್ಣನಿಗೆ ಧಾನ್ಯದ ಪೇಟೆಯಾದ ಗಂಜಿನ ಹತ್ತಿರ ಕಿರಾಣಿ ಅಂಗಡಿ. ತಂದೆ ತೀರಿದ ಮೇಲೆ ತಂಗಿಯನ್ನು ಸಾಕಿದವನು ಅವನೇ. ಪ್ರೀತಿ ಬಹಳ, ಸಿಟ್ಟು ಅದಕ್ಕಿಂತ ಹೆಚ್ಚು.

"ಬಸ್ಸಿಗೆ ಬಾ ಅಂದ್ರ ಜೀಪಿಗೆ ಯಾಕ ಹತ್ತಿದಿ? ನಾಳೆ ಪೊಲೀಸು, ಕೋರ್ಟು ಅಂತ ತಿರುಗ್ತಿಯೇನು? ಮದುವಿ ಆಗೋ ಹುಡುಗಿ ನೀ!"

ಅಮರಮ್ಮ ತಲೆ ತಗ್ಗಿಸಿ ನಿಂತಳು. ಅಣ್ಣನಿಗೆ ಚಪ್ಪಲಿಯ ಸುದ್ದಿ ಹೇಳಲಿಲ್ಲ. ಕೈಯ ಸುದ್ದಿಯನ್ನಂತೂ ದೇವರಿಗೂ ಹೇಳಲಿಲ್ಲ.

ಹಬ್ಬ ಒಂದೆರಡು ಕಳೆದವು. ಬಸ್ಸಪ್ಪನ ಕಾಲು ಕೂಡಿತು. ಅಮರಮ್ಮ ತನ್ನ ಪಡಸಾಲೆಯ ಹೊಲಿಗೆ ಮಶೀನಿನ ಮುಂದೆ ಕುಳಿತು ಜಂಪರ್ ಹೊಲಿಯುತ್ತಿದ್ದ ಒಂದು ಮಧ್ಯಾಹ್ನ, ಬಾಗಿಲಿಗೆ ನೆರಳು ಬಿತ್ತು.

ಪಂಪಣ್ಣ!

ಮಶೀನಿನ ಗಾಲಿ ನಿಂತಿತು. ಅವನು ಸೊರಗಿದ್ದ. ಕಣ್ಣಲ್ಲಿ ಆ ದಿನದ ನಗುವಿರಲಿಲ್ಲ.

"ಒಂದ ಮಾತು ಕೇಳಾಕ ಬಂದೀನ್ರೀ. ನಾ ಆವತ್ತು ಜೋರು ಹೊಡದ್ನೇನು?"

"ಏನ್ರೀ?"

"ಮಳಿಯಾಗ, ಭತ್ತದ ಮ್ಯಾಲ, ಅಂಜಿಕಿಲ್ಲದಂಗ ಗಾಡಿ ಹೊಡದಾನ ಅಂತ ಕೇಸು. 'ಭಾಳ ಜೋರಿತ್ತು' ಅಂತ ನೀವ ಹೇಳೀರಂತ. ನಿಮ್ಮ ಮಾತ ಮ್ಯಾಲ ನನ್ನ ಲೈಸೆನ್ಸ್ ಹೋಗತೈತಿ. ಲೈಸೆನ್ಸ್ ಹೋದ್ರ ನಾ ಏನ್ ಮಾಡ್ಲಿ? ಸ್ಟೇರಿಂಗ್ ಬಿಟ್ರ ನನಗ ಬ್ಯಾರೆ ವಿದ್ಯೆ ಇಲ್ಲ." ಅವನ ದನಿ ಒಡೆಯಿತು. "ಕೈ ಹಿಡದು ಹತ್ತಿಸಿದ್ದು ತಪ್ಪಾತೇನ್ರೀ? ಅದರ ಸಿಟ್ಟಿಗೆ ಹಿಂಗ ಹೇಳಿದ್ರೇನು?"

"ಅಯ್ಯೋ... ಅದು... ನಾನು..."

"ಯಾರದು ಬಾಗಲಾಗ?" ಅಂಗಡಿಯಿಂದ ಊಟಕ್ಕೆ ಬಂದ ಜಂಬಣ್ಣನ ಗುಡುಗು!

ಪಂಪಣ್ಣ ಒಮ್ಮೆ ಅವಳನ್ನು ನೋಡಿದ. ಅವಳು ಮಶೀನಿನ ಮೇಲೆ ತಲೆ ಬಗ್ಗಿಸಿದಳು. ಅವನು ಹೊರಟುಹೋದ.

'ನಾ ಹೇಳಿದ್ದು ಗಾಳಿಗೆ... ಮಳಿಗೆ! ನಿಮ್ಮ ಗಾಡಿಗಲ್ಲ!' ಮನಸ್ಸು ಕೂಗುತ್ತಲೇ ಇತ್ತು. ಬಾಯಿ ತೆರೆಯಲಿಲ್ಲ. ಅಂಜಿಕೆ ಅಂದರೆ ಹಾಗೆಯೇ, ಮಾತು ಬೇಕಾದ ಹೊತ್ತಿಗೇ ಅದು ಬಾಯಿ ಕಟ್ಟುತ್ತದೆ.

ಎರಡೇ ದಿನಕ್ಕೆ ಪೊಲೀಸಿನವನು ಬಂದು, ಲಿಂಗಸುಗೂರು ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕೆಂದು ಸಮನ್ಸ್ ಕೊಟ್ಟುಹೋದ. ಜಂಬಣ್ಣ ಮನೆಯಲ್ಲಿರಲಿಲ್ಲ. ಅತ್ತಿಗೆ ಶೇಖರಮ್ಮ ಅದನ್ನು ತಗೊಂಡು ಅಮರಮ್ಮನ ಮುಖ ನೋಡಿದಳು. ಆ ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನ ಐತಿ, ಖರೇ ಹೇಳು. ನಾ ನಿಮ್ಮಣ್ಣ ಅಲ್ಲ, ಬಡಿಯಂಗಿಲ್ಲ."

ಅಮರಮ್ಮ ಅತ್ತುಬಿಟ್ಟಳು. ಎಲ್ಲ ಹೇಳಿದಳು. ಕೈಯದೂ ಸೇರಿ.

ಶೇಖರಮ್ಮ ಬಾಯಿ ಮೇಲೆ ಸೆರಗಿಟ್ಟುಕೊಂಡು ನಕ್ಕಳು. "ಅಬ್ಬಾ ನಮ್ಮವ್ವ! ಚಪ್ಪಲಿ ಸಲುವಾಗಿ ಕೈ ಕೊಟ್ಟಿ?"

"ಅತ್ತಿಗೀ! ನನಗ ಜೀವ ಹೋಗಾಕತ್ತೈತಿ..."

"ಏಳು. ಪಂಪಣ್ಣನ ಕೇಸು ಹಿಡದಾವ್ರು ನಮ್ಮ ಓಣಿ ಇಸ್ಮಾಯಿಲ್‌ಸಾಬ್ ವಕೀಲರ. ಹೋಗಿ ಕೇಳೂಣು."

*

ಇಸ್ಮಾಯಿಲ್‌ಸಾಬರು ಕನ್ನಡಕ ಒರೆಸುತ್ತ ಎಲ್ಲ ಕೇಳಿದರು.

"ನೋಡು ಬೇಟಾ, ಕಾಯ್ದೆ ಬರೇ ಬೋರ್ಡಿನ ಮ್ಯಾಲಿನ ವೇಗದ ನಂಬರ್ ನೋಡಂಗಿಲ್ಲ. ಆ ಹೊತ್ತಿಗೆ ರಸ್ತಿ ಹೆಂಗಿತ್ತು, ಅದಕ್ಕ ತಕ್ಕಂಗ ಹೊಡದಾನೋ ಇಲ್ಲೋ ಅಂತ ನೋಡತೈತಿ. ಒಣಾ ರಸ್ತ್ಯಾಗ ಸರಿ ಇದ್ದ ವೇಗ, ತೊಯ್ದ ಭತ್ತದ ಮ್ಯಾಲ ತಪ್ಪಾಗತೈತಿ. ಅವ ತಪ್ಪು ಒಪ್ಪಿಕೊಂಡ್ರ ದಂಡ ಕಟ್ಟಿ ಇವತ್ತ ಮುಗೀತಿತ್ತು, ಆದ್ರ ಲೈಸೆನ್ಸ್ ಮ್ಯಾಲ ಕರಿ ಗುರುತು ಬಿದ್ದು ಅದು ರದ್ದಾಗತೈತಿ. ಒಪ್ಪಿಲ್ಲ ಅವ. ಅದಕ್ಕ ಸಾಕ್ಷಿ ಬೇಕು."

"ಮೆಲ್ಲಕ ಹೊಡದಾರ ಅಂತ ನಾ ಹೇಳ್ತೀನ್ರೀ..."

"ಎಷ್ಟು ಮೆಲ್ಲಕ? ಜಡ್ಜ್ ಸಾಹೇಬರು ಕೇಳ್ತಾರ. ಹೆಂಗ ಹೇಳ್ತಿ?"

ಅಮರಮ್ಮ ಕಾಲ್ಬೆರಳಿನಿಂದ ನೆಲ ಕೆರೆದಳು. "ನಾ... ಇಳದು, ಚಪ್ಪಲಿ ತಗೊಂಡು, ಮತ್ತ ಹತ್ತೀನ್ರೀ. ಗಾಡಿ ನಿಂತಿದ್ದಿಲ್ಲ."

ವಕೀಲರ ಕೈಯಲ್ಲಿದ್ದ ಕನ್ನಡಕ ಹಾಗೇ ನಿಂತಿತು. "ಯಾ ಅಲ್ಲಾ! ಇದಕ್ಕಿಂತ ಏನ್ ಬೇಕು?"

"ಹತ್ತುವಾಗ ಅವರು ಕೈ... ಹಿಡದಿದ್ರು. ಅದನ್ನೂ ಹೇಳಬೇಕೇನ್ರೀ?"

ವಕೀಲರು ಕನ್ನಡಕ ಹಾಕಿಕೊಂಡರು.

"ಕೇಳಿದ್ರ ಹೇಳಬೇಕು, ಬೇಟಾ. ಅರ್ಧಾ ಖರೇ ಹೇಳಿದ್ರ ಪೂರಾ ಸುಳ್ಳಾಗತೈತಿ."

ತುಂಬಿದ ಕೋರ್ಟಿನಲ್ಲಿ! ಗಂಡಸರ ನಡುವೆ! ನಾಳೆ ಗಂಜಿನಲ್ಲಿ ಅಣ್ಣ ತಲೆ ಎತ್ತಿ ನಡೆಯುವುದು ಹೇಗೆ?



*

ಲಿಂಗಸುಗೂರಿಗೆ ಅತ್ತಿಗೆಯ ಜೊತೆ ಬಸ್ಸಿನಲ್ಲಿ ಹೊರಟಳು. ಜಂಬಣ್ಣನಿಗೆ ಗುರುಗುಂಟಾ ಅಮರೇಶ್ವರನ ದರ್ಶನಕ್ಕೆ ಅಂತ ಹೇಳಿದ್ದರು. ಜೀಪು ಜಾರಿದ ಜಾಗ ಬಂದಾಗ ಅಮರಮ್ಮ ಕಣ್ಣು ಮುಚ್ಚಿಕೊಂಡಳು. ರಸ್ತೆಯಲ್ಲಿ ಈಗ ಭತ್ತವಿರಲಿಲ್ಲ, ಬಿಸಿಲಿತ್ತು. ಆದರೂ ಅವಳಿಗೆ ಗಾಳಿಯೇ ಕೇಳಿಸಿತು.

ಕೋರ್ಟಿನ ಹಿಂದಿನ ಬೆಂಚಿನಲ್ಲಿ ಇಬ್ಬರೂ ಕುಳಿತರು. ಬಸ್ಸಪ್ಪ ಕೋಲೂರಿಕೊಂಡು ಬಂದಿದ್ದ. ಪಂಪಣ್ಣ ಕಟಕಟೆಯಲ್ಲಿ ನಿಂತಿದ್ದ. ಅವನು ಅವಳತ್ತ ಒಮ್ಮೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ವಕೀಲರು ಅವನಿಗೆ ಎಲ್ಲ ಹೇಳಿದ್ದರೆಂದು ಅವಳಿಗೆ ತಿಳಿಯಿತು.

ಹೆಸರು ಕೂಗುವ ಮೊದಲೇ ಪಂಪಣ್ಣ ಕೈ ಮುಗಿದ.

"ಸಾಹೇಬ್ರ, ಸಾಕ್ಷಿ ಬ್ಯಾಡ್ರೀ. ನಾ ತಪ್ಪು ಒಪ್ಪಿಕೋತೀನಿ. ಗಾಡಿ ಜೋರು ಹೊಡದೀನಿ."

ಇಸ್ಮಾಯಿಲ್‌ಸಾಬರು ಗಾಬರಿಯಾದರು. "ಪಂಪಣ್ಣಾ! ಏನಿದು?"

ಅಮರಮ್ಮನಿಗೆ ಹೊಳೆಯಿತು. 'ನನ್ನ ಸಲುವಾಗಿ... ನನ್ನ ಹೆಸರು ಮಂದಿ ಬಾಯಾಗ ಬರಬಾರದು ಅಂತ... ತನ್ನ ಅನ್ನಾನೇ ಬಿಡಾಕತ್ತಾನ!'

ಅಂಜಿಕೊಂಡೇ ಎದ್ದು ನಿಂತಳು.

"ಸುಳ್ಳ್ರೀ!!"

ಇಡೀ ಕೋರ್ಟು ತಿರುಗಿ ನೋಡಿತು. ಜಡ್ಜ್ ಸಾಹೇಬರು ಹುಬ್ಬು ಗಂಟಿಕ್ಕಿದರು.

"ಯಾರದು, ಇಷ್ಟು ಜೋರಾಗಿ?"

"ನಾನ್ರೀ. ಜೋರು ಅಂದಾಕಿನೂ ನಾನ ರೀ." ಅವಳು ಬೆಂಚು ದಾಟಿ ಮುಂದೆ ಬಂದಳು. "ಆದ್ರ ನಾ ಅಂದದ್ದು ಗಾಳಿಗ್ರೀ. ಮಳಿಗ್ರೀ. ಫೌಜದಾರ ಸಾಹೇಬ್ರು ಹೆಂಗಿತ್ತು ಅಂದ್ರು, ನಾ ಜೋರಿತ್ತು ಅಂದೆ. ಅವರು ಗಾಡಿ ಅನಕೊಂಡಾರ!"

ಅಲ್ಲಲ್ಲಿ ಪಿಸುಮಾತು ಎದ್ದಿತು. ಜಡ್ಜ್ ಸಾಹೇಬರು ಕೈ ಎತ್ತಿ ಸುಮ್ಮನಿರಿಸಿ, ಅವಳನ್ನು ಸಾಕ್ಷಿ ಕಟ್ಟೆಗೆ ಕರೆದರು. ಪ್ರಮಾಣ ಮಾಡಿಸಿದರು. ಕೇಳಿದರು. ಅವಳು ಹೇಳಿದಳು. ಗಾಡಿ ತೆವಳುತ್ತಿದ್ದದ್ದು, ಚಪ್ಪಲಿ ಬಿದ್ದದ್ದು, ಇಳಿದದ್ದು, ಓಡಿದ್ದು.

"ಓಡುವ ಗಾಡಿಗೆ ಹೆಂಗಸು ಒಂದು ಕೈಯಲ್ಲಿ ಚಪ್ಪಲಿ ಹಿಡಿದು ಹತ್ತಿದಳು ಎಂದರೆ ನಂಬಬೇಕೇ?" ಸರಕಾರಿ ವಕೀಲರು ನಕ್ಕರು. "ಹೇಗೆ ಹತ್ತಿದೆಯಮ್ಮಾ?"

ಬಂದೇಬಿಟ್ಟಿತು ಆ ಪ್ರಶ್ನೆ!

ಅಮರಮ್ಮ ಕಣ್ಣೆತ್ತಿದಳು. ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಜಂಬಣ್ಣ! ಗಂಜಿನಲ್ಲಿ ಯಾರೋ ಸುದ್ದಿ ಮುಟ್ಟಿಸಿದ್ದರು. ಅವನ ಮುಖ ಕಪ್ಪಿಟ್ಟಿತ್ತು.

ಕಟ್ಟೆಯ ಅಂಚು ಹಿಡಿದಳು.

"ಇವರು... ಕೈ ಹಿಡದ್ರೀ."

ಕೋರ್ಟು ಗೊಳ್ಳೆಂದಿತು. "ಹಿಡದ್ನಲ್ಲ, ಇನ್ನೇನು!" ಎಂದ ಒಬ್ಬ. ಅಮರಮ್ಮನ ಕಣ್ಣಲ್ಲಿ ನೀರು ತುಂಬಿತು. ಪಂಪಣ್ಣ ಕಟಕಟೆಯಲ್ಲಿ ತಲೆ ತಗ್ಗಿಸಿದ.

ಆಗ ಕೋಲು ಟಕ್ಕೆಂದಿತು. ಬಸ್ಸಪ್ಪ ಎದ್ದಿದ್ದ.

"ನಗಬ್ಯಾಡ್ರೋ ಮಂದೀ! ಸಾಹೇಬ್ರ, ನಾನೂ ನೋಡೀನ್ರೀ. ಈ ಹುಡುಗಿ ಚಪ್ಪಲಿ ಹಿಡಕೊಂಡು ಓಡೋದು ನೋಡಿ ಆ ಮಳ್ಯಾಗೂ ನಕ್ಕಿದ್ದೆ. ರಸ್ತ್ಯಾಗ ಭತ್ತ ಹಾಕಿದಾವ ನಾನು. ನನ್ನ ಮ್ಯಾಲ ಬರತೈತಿ ಅಂತ ಅಂಜಿ ಇವನ ಮ್ಯಾಲ ಹಾಕಿದೆ. ಈ ಕೂಸು ಮರ್ಯಾದಿ ಬಿಟ್ಟು ಖರೇ ಹೇಳಾಕತ್ತೈತಿ. ನಾ ಗಂಡಸಾಗಿ ಹೆಂಗ ಕುಂಡ್ರಲಿ?"

ನಗು ಅಲ್ಲಿಗೇ ನಿಂತಿತು. ಜಡ್ಜ್ ಸಾಹೇಬರು ಅವನಿಗೂ ಪ್ರಮಾಣ ಮಾಡಿಸಿ ಮಾತು ಬರೆಸಿಕೊಂಡರು. ಬಹಳ ಹೊತ್ತು ಪೆನ್ನು ಆಡಿಸಿ, ಕೊನೆಗೆ ತಲೆ ಎತ್ತಿದರು.

"ರಸ್ತೆ ಹೇಗಿದೆಯೋ ಹಾಗೆ ಓಡಿಸುವವನೇ ಡ್ರೈವರ್. ಇವನು ಹಾಗೇ ಓಡಿಸಿದ್ದಾನೆ. ಹೋಗಪ್ಪಾ, ಕೇಸಿಲ್ಲ."

*

ಹೊರಗೆ ಬೇವಿನ ಮರದ ಕೆಳಗೆ ಜಂಬಣ್ಣ ನಿಂತಿದ್ದ. ಅಮರಮ್ಮ ಅತ್ತಿಗೆಯ ಬೆನ್ನ ಹಿಂದೆ ಅಡಗಿದಳು.

ಪಂಪಣ್ಣನೇ ಮುಂದೆ ಬಂದ. "ಅಣ್ಣಾವ್ರ, ತಪ್ಪು ನಂದು. ಬೀಳ್ತಾರ ಅಂತ ಹಿಡದೆ, ಬ್ಯಾರೆ ಮನಸಿಲ್ಲ."

"ಬ್ಯಾರೆ ಮನಸಿಲ್ಲ?" ಜಂಬಣ್ಣ ಕಣ್ಣು ಕಿರಿದು ಮಾಡಿದ. "ಮತ್ತ ಒಳಗ ತಪ್ಪು ಒಪ್ಪಿಕೋತೀನಿ ಅಂದೆಲ್ಲ, ಯಾರ ಸಲುವಾಗಿ?"

ಪಂಪಣ್ಣನ ಕಿವಿ ಕೆಂಪಾಯಿತು.

ಜಂಬಣ್ಣ ತಂಗಿಯತ್ತ ತಿರುಗಿದ. ಅವನ ದನಿ ಬದಲಾಗಿತ್ತು.

"ಅಂಜುಬುರುಕಿ ಅನಕೊಂಡಿದ್ದೆ ನಿನ್ನ. ಅಷ್ಟು ಮಂದ್ಯಾಗ... ನಾ ಆಗಿದ್ರೂ ಬಾಯಾಗ ಮಾತು ಬರ್ತಿದ್ದಿಲ್ಲವಾ." ಆಮೇಲೆ ಪಂಪಣ್ಣನಿಗೆ ಅಂದ, "ನಿಮ್ಮೂರು ಮುಕ್ಕುಂದ ಅಂತಲ್ಲ? ಅಲ್ಲಿ ನಿಮ್ಮ ಹಿರ್ಯಾರು ಅದಾರಲ್ಲ? ಬರೂ ಸೋಮಾರ ಕರಕೊಂಡು ಬಾ. ಹಿಡದ ಕೈ ಅಂತ ಕೋರ್ಟಿನ್ಯಾಗ ಬರದಾರ, ನಾ ಹೆಂಗ ಬಿಡಸ್ಲಿ?"

"ಈಗ ಬಸ್ಸಿಲ್ಲ," ಎಂದಳು ಶೇಖರಮ್ಮ ಏನೂ ಆಗದವಳಂತೆ. "ಪಂಪಣ್ಣನ ಜೀಪ್ ಐತೆಲ್ಲ, ನಡೀರಿ."

ಅಣ್ಣ, ಅತ್ತಿಗೆ ಹಿಂದೆ ಕುಳಿತರು. ಅಮರಮ್ಮ ಮುಂದೆ, ಅದೇ ಅಂಚಿಗೆ. ಈ ಸಲ ನಡುವೆ ಬೆಲ್ಲದ ಪೆಂಟಿ ಇರಲಿಲ್ಲ.

ಮಸ್ಕಿ ದಾಟಿತು. ಆ ಜಾಗವೂ ಬಂತು. ಅವಳು ಈ ಸಲ ಕಣ್ಣು ಮುಚ್ಚಲಿಲ್ಲ.

"ಸ್ವಲ್ಪ ಮೆಲ್ಲಕ ಹೊಡೀರಿ," ಎಂದಳು ಪಿಸುದನಿಯಲ್ಲಿ.

ಅವನು ಗಾಬರಿಯಿಂದ ನೋಡಿದ. "ಯಾಕ? ಅಂಜಿಕಿ ಆಗಾಕತ್ತೈತೇನು?"

ಮೊದಲ ಸಲ ಅವನ ಮಾತಿನಲ್ಲಿ 'ರೀ' ಇರಲಿಲ್ಲ. ಅಮರಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಇಲ್ಲ... ಸಿಂಧನೂರು ಜಲ್ದಿ ಬಂದುಬಿಡತೈತಿ."