ಕಪ್ಪಗಾದ ಮೇಲಿನ ಬಿಸಿ

ಈ ಕಥೆಯನ್ನು ಮೊದಲು ಹೇಳಿದವರು ಕೊಟ್ಟೂರಿನ ಲಾಲ್ ಬೀ. 2008ರ ಮಾರ್ಚ್ ತಿಂಗಳ ಮೂರನೆಯ ಶನಿವಾರ, ಕೂಡ್ಲಿಗಿ ರಸ್ತೆಯ ಅವರ ಮನೆಯಂಗಳದಲ್ಲಿ, ಮಧ್ಯಾಹ್ನ ಎರಡರಿಂದ ಬಿಸಿಲು ಇಳಿಯುವವರೆಗೆ ಹೇಳಿದರು. ಕೇಳುತ್ತ ಕುಳಿತವರು ಬಿತ್ತನೆಗೆಂದು ಶೇಂಗಾ ಸುಲಿಯಲು ಬಂದಿದ್ದ ಐವರು ಹೆಂಗಸರು. ಅಂಗಳದ ಗೋಡೆಗೆ ಒತ್ತಿಕೊಂಡಿರುವ ವೆಲ್ಡಿಂಗ್ ಶಾಪು ಲಾಲ್ ಬೀಯ ಅಕ್ಕನ ಮಗ ಯೂನುಸನದು, ಕಥೆಯೂ ಅವನದೇ. ಕಥೆಯೊಳಗಿನವರು ಮನೆಯಲ್ಲಿ ಉರ್ದು ಆಡುವವರಾದರೂ, ಆ ಐವರಲ್ಲಿ ಉರ್ದು ಬಾರದ ಹಂಪಕ್ಕ, ಹೊನ್ನೂರಮ್ಮ ಇದ್ದುದರಿಂದ ಲಾಲ್ ಬೀ ಅವರ ಮಾತುಗಳನ್ನೆಲ್ಲ ಕನ್ನಡದಲ್ಲೇ ಆಡಿ ತೋರಿಸಿದರು. ಇಲ್ಲಿ ಅವು ಹಾಗೆಯೇ ಇವೆ.

ಯೂನುಸನ ಶಾಪಿನಲ್ಲಿ ಒಂದು ಕಟ್ಟಳೆ ಇತ್ತು. ಬೆಸೆದು ಮುಗಿಸಿದ ಕಬ್ಬಿಣವನ್ನು ನೆಲಕ್ಕಿಡುವಾಗ ಅದರ ಪಕ್ಕದಲ್ಲಿ ಸೀಮೆಸುಣ್ಣದಿಂದ ಒಂದು ಇಂಟು ಗುರುತು ಹಾಕಬೇಕು. ಕೆಂಪಗೆ ಉರಿಯುತ್ತಿರುವುದನ್ನು ಯಾರೂ ಮುಟ್ಟುವುದಿಲ್ಲ. ಕೈ ಸುಡುವುದು ಅದು ಕಪ್ಪಗಾದ ಮೇಲೆ.

ಆ ಗುರುತನ್ನು ಅವನು ಮರೆತದ್ದು ಒಂದೇ ಸಲ, 2006ರ ಜೂನ್ ತಿಂಗಳಲ್ಲಿ.

ಮುರಿದ ಸ್ಕೂಟಿ ಸ್ಟ್ಯಾಂಡನ್ನು ಬೆಸೆಯಲು ಕೊಟ್ಟು ನಿಂತಿದ್ದವಳು ಜರೀನಾ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದ ಯೂಸುಫ್ ಸಾಬರ ಒಬ್ಬಳೇ ಮಗಳು. ಹರಪನಹಳ್ಳಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಕೆಲಸ ಮುಗಿಯಿತೆಂದು ತಿಳಿದು, ನೆಲದ ಮೇಲಿದ್ದ ಕಪ್ಪನೆಯ ಸ್ಟ್ಯಾಂಡನ್ನು ತಾನೇ ಎತ್ತಿಕೊಂಡಳು. ಎತ್ತಿದಷ್ಟೇ ಬೇಗ ಬಿಟ್ಟಳು.

“ಅಯ್ಯೋ ಮೇಡಂ! ನೀರಾಗ ಕೈ ಹಾಕ್ರಿ, ಮೊದಲು ನೀರಾಗ!” ಯೂನುಸ ಬಕೆಟ್ಟನ್ನೇ ಎತ್ತಿ ತಂದ.

“ತಣ್ಣಗಾಗೇತಿ ಅನ್ಕೊಂಡೆ.”

“ಕಾಲೇಜಿನಾಗ ಏನ್ ಕಲಿಸ್ತೀರಿ?”

ಜರೀನಾ ನೀರೊಳಗಿನ ಬೆರಳುಗಳನ್ನೇ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದಳು: “ಉಷ್ಣಶಾಸ್ತ್ರ.”

ಅವನು ನಗಬಾರದೆಂದು ತುಟಿ ಕಚ್ಚಿಕೊಂಡ. ಅದನ್ನು ಕಂಡು ಅವಳೇ ನಕ್ಕಳು. ನೋವಿನಿಂದ ತುಂಬಿದ್ದ ಕಣ್ಣು ನಗುವಿನಿಂದ ತುಳುಕಿತು.

ಎರಡು ಬೆರಳಿನ ಗಾಯ ಒಣಗಲು ಹತ್ತು ದಿನ ಹಿಡಿಯಿತು. ಸ್ಕೂಟಿಗೆ ಮಾತ್ರ ಆಮೇಲೆ ಏನಾದರೊಂದು ಕಾಯಿಲೆ ತಪ್ಪಲಿಲ್ಲ. ಇವತ್ತು ಕ್ಯಾರಿಯರ್ ಅಲುಗುತ್ತದೆ, ನಾಳೆ ಕನ್ನಡಿಯ ಕಡ್ಡಿ ಸಡಿಲ. ಕಾಲೇಜಿನಿಂದ ಬರುವ ಹೊತ್ತಿಗೆ ಅದು ಶಾಪಿನ ಮುಂದೆ ತಾನಾಗಿಯೇ ನಿಂತಂತೆ ನಿಲ್ಲುತ್ತಿತ್ತು.

“ಮೊದಮೊದಲು ‘ಯೂನುಸ್ ಭಾಯಿ’ ಅಂತಿದ್ದಳು,” ಎಂದರು ಲಾಲ್ ಬೀ. “ಶ್ರಾವಣ ಬರೋದ್ರಾಗ ಆ ಭಾಯಿ ಬಿತ್ತು ನೋಡ್ರಿ. ‘ಏನ್ರಿ’ ಅನ್ನಾಕ ಹತ್ತಿದಳು. ನಾ ಗೋಡಿ ಈಚಿಂದ ಕೇಳಿಸ್ಕೊಂಡೆ.”

“ನಿನ್ನ ಕಿವಿಗೆ ಗೋಡಿ ಯಾವ ಲೆಕ್ಕ ಬಿಡಬೇ!” ಎಂದಳು ಹಂಪಕ್ಕ. ಹೆಂಗಸರೆಲ್ಲ ನಕ್ಕರು.

ಕೆಲಸವಿಲ್ಲದ ಒಂದು ಮಧ್ಯಾಹ್ನ, ಚಹಾ ಬರುವವರೆಗಿನ ಬಿಡುವಿನಲ್ಲಿ, ಅವಳು ತನ್ನ ಪಿಎಚ್‌.ಡಿ.ಯ ವಿಷಯ ಹೇಳಿದಳು. ಬೆಳಕನ್ನೂ ಹೊರಗೆ ಬಿಡದ ಕಪ್ಪುರಂಧ್ರಗಳು. ಅವಕ್ಕೂ ಒಂದು ಬಿಸಿ ಇದೆ ಎಂಬ ಲೆಕ್ಕ.

“ಇರ್ತೈತಿ ಬಿಡ್ರಿ,” ಎಂದ ಯೂನುಸ. “ಕರೇದು ಅಂದ್ರ ತಣ್ಣಗ ಅಂತ ಯಾರ್ ಹೇಳಿದ್ರು? ನಿಮ್ಮ ಬೆರಳ ಕೇಳ್ರಿ.”

“ಇದನ್ನ ಒಪ್ಪಾಕ ದೊಡ್ಡ ದೊಡ್ಡ ವಿಜ್ಞಾನಿಗಳು ವರ್ಷಗಟ್ಲೆ ಜಗಳಾಡ್ಯಾರ.”

“ಒಮ್ಮೆ ಇಲ್ಲಿಗೆ ಬಂದಿದ್ರ ಆಗ್ತಿತ್ತು.”

ಅವಳು ಸೆರಗಿನ ಅಂಚಿನಲ್ಲಿ ನಗು ಒರೆಸಿಕೊಂಡಳು. ಅವನು ಚಹಾದ ಗ್ಲಾಸನ್ನು ಬಿಸಿ ತಾಗದಂತೆ ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟ. ಕೊಡುವಾಗ ಅವಳ ಮುಖವನ್ನು ನೋಡಲಿಲ್ಲ. ಎರಡು ಬೆರಳಿನ ಮೇಲೆ ಉಳಿದ ನುಣುಪಾದ ಕಲೆಯನ್ನು ನೋಡಿದ.

ಆ ದಸರೆಯ ವೇಳೆಗೆ ಜರೀನಾಳ ಮುಖ ಬಾಡಿತು. ಪಿಎಚ್‌.ಡಿ. ಪ್ರಬಂಧದ ಕೊನೆಯ ಅಧ್ಯಾಯ ನಾಲ್ಕು ತಿಂಗಳಿಂದ ನಿಂತಲ್ಲೇ ನಿಂತಿತ್ತು. ಇನ್ನೊಂದು ಮಾತು ಅವಳು ಯೂನುಸನಿಗೆ ಹೇಳಿರಲಿಲ್ಲ. ಹೇಳಿದವರು ಲಾಲ್ ಬೀ. ಹಡಗಲಿಯ ಸಿಮೆಂಟ್ ವ್ಯಾಪಾರಿಯೊಬ್ಬರ ಮಗನಿಗೆ ಅವಳನ್ನು ಕೊಡುವ ಮಾತು ನಡೆದಿತ್ತು. ಪಿಎಚ್‌.ಡಿ. ಮುಗಿಯುವವರೆಗೆ ಕಾಯಲು ಆ ಮನೆಯವರು ಒಪ್ಪಿದ್ದರು, ಯೂಸುಫ್ ಸಾಬರೂ ಮಗಳಿಗೆ ಅಷ್ಟು ಮಾತು ಕೊಟ್ಟಿದ್ದರು. ಕೊನೆಯ ಅಧ್ಯಾಯ ಮುಗಿದ ವಾರವೇ ನಿಶ್ಚಯ.

ಅಧ್ಯಾಯ ನಿಂತಿರುವವರೆಗೆ ಸ್ಕೂಟಿ ಶಾಪಿನ ಮುಂದೆ ನಿಲ್ಲುತ್ತದೆ. ಅಧ್ಯಾಯ ಮುಗಿದರೆ ಅದೂ ಮುಗಿಯಿತು. ಯೂನುಸ ಇದನ್ನು ಕೇಳಿ ಕಿಟಕಿಯ ಸರಳುಗಳನ್ನು ಅಳೆಯುತ್ತ ಕುಳಿತನಂತೆ.

ಮರುದಿನ ಅವನೇ ಕೇಳಿದ: “ಎಲ್ಲಿ ಸಿಕ್ಕಾಕ್ಕೊಂಡೈತ್ರಿ ನಿಮ್ಮ ಗಾಡಿ?”

“ಗಾಡಿ ಅಲ್ರಿ, ಲೆಕ್ಕ.” ಅವಳು ದಣಿದ ದನಿಯಲ್ಲಿ ವಿವರಿಸಿದಳು. “ಕಪ್ಪುರಂಧ್ರಕ್ಕ ಒಂದು ಅಂಚು ಐತಿ. ನಮ್ಮ ಕಣ್ಣಿಗೆ ಸಿಗೋ ವಿಶ್ವಕ್ಕೂ ಅಂಥದೊಂದು ಅಂಚು ಐತಿ. ಅಂಚು ದಾಟಿ ಎಷ್ಟು ಬಿಸಿ ಒಳಗ ಹೋಗ್ತೈತೋ, ಅದಕ್ಕ ತಕ್ಕಂಗ ಎಂಟ್ರಪಿ ಅಂತ, ಒಳಗಿನ ಗೊಂದಲದ ಅಳತಿ, ಬೆಳೀತೈತಿ. ಗುರುತ್ವದ ಹಳೇ ನಿಯಮದಾಗ ಎರಡೂ ಸರಿಸಮ ಬರ್ತಾವು. ನಾನು ತಿದ್ದಿದ ನಿಯಮ ತಗೊಂಡೇನಿ. ಅದರಾಗ ಎಂಟ್ರಪಿ ಹೆಚ್ಚಿಗಿ ಬರ್ತೈತಿ. ಹೊರಗಿಂದ ಅಷ್ಟು ಬಿಸಿ ಬಂದೇ ಇಲ್ಲ. ಎಲ್ಲಿ ತಪ್ಪೇನಿ ಅಂತ ನಾಲ್ಕು ತಿಂಗಳಿಂದ ಹುಡುಕಾಕ ಹತ್ತೇನಿ.”

ಯೂನುಸ ಬಹಳ ಹೊತ್ತು ಸುಮ್ಮನಿದ್ದ. ಆ ಸುಮ್ಮನಿದ್ದ ಹೊತ್ತನ್ನು ಲಾಲ್ ಬೀ ಕಥೆ ಹೇಳುವಾಗಲೂ ಸುಮ್ಮನೇ ಕುಳಿತು ತೋರಿಸಿದರು. ಶೇಂಗಾ ಸಿಪ್ಪೆ ಒಡೆಯುವ ಸದ್ದೂ ಅಷ್ಟು ಹೊತ್ತು ನಿಂತಿತು.

ಆಮೇಲೆ ಅವನು ಮೂಲೆಯಿಂದ ಗೇಣುದ್ದದ ದಪ್ಪ ತಂತಿಯೊಂದನ್ನು ತಂದ. “ಮುಟ್ರಿ. ಹೆದರಬ್ಯಾಡ್ರಿ, ಗುರುತು ಹಾಕಿಲ್ಲ.”

ತಣ್ಣಗಿತ್ತು. ಅವನು ಅದನ್ನು ನಡುವೆ ಹಿಡಿದು ಅತ್ತ ಬಗ್ಗಿಸಿದ, ಇತ್ತ ಬಗ್ಗಿಸಿದ. ಮತ್ತೆ ಅತ್ತ, ಮತ್ತೆ ಇತ್ತ. ಹತ್ತು ಹನ್ನೆರಡು ಸಲ.

“ಈಗ ಮುಟ್ರಿ. ಆ ಎರಡು ಬೆರಳಿಗೆ ಗೊತ್ತಾಗಂಗಿಲ್ಲ. ಕೆನ್ನಿಗೆ ಹಚ್ಚಿ ನೋಡ್ರಿ.”

ಅವಳು ತಂತಿಯ ಮಡಿಕೆಯನ್ನು ಕೆನ್ನೆಗೆ ತಾಗಿಸಿದಳು. ಕಣ್ಣುಗಳು ಅಗಲವಾದವು.

“ಯಾರು ಬೆಂಕಿ ತೋರಿಸಿದ್ರು ಇದಕ್ಕ?” ಎಂದ ಯೂನುಸ. “ಹೊರಗಿಂದ ಯಾರೂ ಇಲ್ಲ. ಒಳಗ ಎಳೆದಾಡಿದ್ದಕ್ಕ ಒಳಗ ಹುಟ್ಟಿದ ಬಿಸಿ. ನಿಮ್ಮ ಅಂಚೂ ಹಂಗ ಬಗ್ಗಿ ಏಳ್ತೈತೇನೋ, ನೋಡ್ರಿ. ನೀವು ತಪ್ಪಿಲ್ಲ. ಹೊರಗ ಹುಡುಕಾಕ ಹತ್ತೀರಿ, ಅಷ್ಟ.”

ಅವಳು ಚಹಾ ಕುಡಿಯಲಿಲ್ಲ. ತಂತಿಯನ್ನು ಚೀಲಕ್ಕೆ ಹಾಕಿಕೊಂಡು ಸ್ಕೂಟಿ ಹತ್ತಿದಳು. ಹೋಗುವಾಗ ತಿರುಗಿಯೂ ನೋಡಲಿಲ್ಲ.

ಇದೇ ಕಥೆ ಹರಪನಹಳ್ಳಿಯಲ್ಲೂ ಕೇಳಸಿಗುತ್ತದೆ. ಅಲ್ಲಿ ಹೇಳುವವರು ಯೂನುಸನೇ ಆ ಅಧ್ಯಾಯ ಬರೆದುಕೊಟ್ಟ ಎನ್ನುತ್ತಾರೆ. ಲಾಲ್ ಬೀ ಇದನ್ನು ಒಪ್ಪುವುದಿಲ್ಲ. “ಬರೆದಾಕಿ ಅವಳು. ನಮ್ಮ ಹುಡುಗ ತಂತಿ ಬಗ್ಗಿಸ್ಯಾನ, ಅಷ್ಟ.” ಒಳಗೇ ಹುಟ್ಟುವ ಆ ಹೆಚ್ಚಿನ ಬಿಸಿಯನ್ನು ಲೆಕ್ಕಕ್ಕೆ ಸೇರಿಸಿ ಅಧ್ಯಾಯ ಮುಗಿಸಲು ಜರೀನಾಳಿಗೆ ಇಪ್ಪತ್ತೆರಡು ದಿನ ಸಾಕಾದವು. ಬೇರೆ ದೇಶದಲ್ಲಿಯೂ ಕೆಲವರು ಅದೇ ದಾರಿ ಹಿಡಿದಿದ್ದಾರೆಂದು ಮಾರ್ಗದರ್ಶಕರು ತಿಳಿಸಿದಾಗ ಅವಳಿಗೆ ಬೇಸರವಾಗಲಿಲ್ಲ, ಧೈರ್ಯ ಬಂತು.

ಇಪ್ಪತ್ಮೂರನೆಯ ದಿನ ಸ್ಕೂಟಿ ಮೊದಲು ನಿಂತದ್ದು ಶಾಪಿನ ಮುಂದಲ್ಲ, ಲಾಲ್ ಬೀಯ ಬಾಗಿಲಲ್ಲಿ. ಭಾನುವಾರ ಹಡಗಲಿಯವರು ಬರುತ್ತಾರೆ ಎಂದು ಜರೀನಾ ಹೇಳಿದಳು. ಲಾಲ್ ಬೀಗೆ ತಡೆಯಲಾಗಲಿಲ್ಲ. “ಅವನಿಗೆ ದಸರಾದಾಗಿಂದ ಗೊತ್ತೈತವ್ವ,” ಎಂದುಬಿಟ್ಟರು.

ಜರೀನಾ ನೇರವಾಗಿ ಶಾಪಿಗೆ ಹೋದಳು.

“ಅಧ್ಯಾಯ ಮುಗಿದ್ರ ನನ್ನ ನಿಶ್ಚಯ ಅಂತ ನಿಮಗ ಗೊತ್ತಿತ್ತು?”

“ಹೌದ್ರಿ.”

“ಗೊತ್ತಿದ್ದೂ ತಂತಿ ಬಗ್ಗಿಸಿ ತೋರಿಸಿದ್ರಿ?”

“ನಾಲ್ಕು ತಿಂಗಳಿಂದ ನಿಮ್ಮನ್ನ ನೀವೇ ತಪ್ಪು ಅನ್ಕೊಂಡಿದ್ರಿ. ಅದನ್ನ ನೋಡ್ಕೊಂತ ಕುಂದರಾಕ ಆಗಲಿಲ್ಲ.”

“ಮತ್ತ ನಿಮ್ಮದು? ನಿಮಗೇನೂ ಇಲ್ಲ?”

ಅವನು ಕೈಯ ಮಸಿ ಒರೆಸಿಕೊಂಡ. ಮುಖ ಎಂದಿನಂತೆ ತಣ್ಣಗಿತ್ತು. ಅವಳ ದನಿ ಇಳಿಯಿತು.

“ಒಂದು ಕೇಳ್ತೀನಿ. ಅವತ್ತು ನನ್ನ ಸ್ಟ್ಯಾಂಡಿಗೆ ಗುರುತು ಹಾಕೋದು ಯಾಕ ಮರ್ತ್ರಿ?”

“ನೀವು ಬಂದು ನಿಂತಿದ್ರಿ.”

ಅಷ್ಟು ಹೇಳಿ ಯೂನುಸ ಕಿಸೆಯಿಂದ ಸೀಮೆಸುಣ್ಣ ತೆಗೆದ. ತಲೆ ತಗ್ಗಿಸಿ, ನೀಲಿ ಅಂಗಿಯ ಎಡಗಿಸೆಯ ಮೇಲೆ ಒಂದು ಗೀಟು ಎಳೆದ, ಅದನ್ನು ಕತ್ತರಿಸುವಂತೆ ಇನ್ನೊಂದು.

ಜರೀನಾ ಆ ಬಿಳಿಯ ಗುರುತನ್ನು ನೋಡುತ್ತಲೇ ಇದ್ದಳು. ಆಮೇಲೆ ಅವನ ಬೆರಳುಗಳಿಂದ ಸೀಮೆಸುಣ್ಣವನ್ನು ಮೆಲ್ಲಗೆ ಬಿಡಿಸಿಕೊಂಡಳು. “ಇದು ನನ್ನ ಹತ್ರ ಇರಲಿ. ಮನಿಯಾಗ ಕೆಲಸ ಐತಿ.”

ಮರುದಿನ ಬೆಳಿಗ್ಗೆ ಯೂಸುಫ್ ಸಾಬರು ಶಾಪಿಗೆ ಬಂದರು. ಯೂನುಸ ಎದ್ದು ನಿಂತ.

“ನಿನ್ನೆ ನನ್ನ ಮಗಳು ಸುಟ್ಟ ಕೈಮ್ಯಾಲ ಸುಣ್ಣದ ಇಂಟು ಹಾಕ್ಕೊಂಡು ನನ್ನ ಮುಂದ ಹಿಡಿದಳು,” ಎಂದರು. “ಮಾತಿಲ್ಲ, ಕತಿ ಇಲ್ಲ. ಮೂವತ್ತು ವರ್ಷ ಡಿಪೋದಾಗ ದುಡಿದೋನು ನಾನು. ಆ ಗುರುತು ಏನಂತ ನನಗ ಯಾರಾದ್ರೂ ಕಲಿಸಬೇಕಾ?”

ಯೂನುಸ ನೆಲ ನೋಡಿದ.

“ಅವಳು ಇಷ್ಟು ಓದ್ಯಾಳ. ನೀನು ಹತ್ತನೇದು. ಲೆಕ್ಕದಾಗ ಎಷ್ಟು ಬಿದ್ದಿತ್ತು?”

“ಮೂವತ್ತೈದ್ರಿ.”

ಯೂಸುಫ್ ಸಾಬರು ಬೆಂಚಿನ ಮೇಲೆ ಕುಳಿತು, ಟೋಪಿ ತೆಗೆದು, ತಲೆ ಸವರಿಕೊಂಡರು. “ಪಾಸಾದಿ ಅಲ್ಲೇನು ಮಾರಾಯ. ಚಹಾ ತರಸು. ಹಡಗಲಿಗೆ ರಾತ್ರಿನೇ ಫೋನ್ ಮಾಡಿ ಬರಬ್ಯಾಡ್ರಿ ಅಂದೇನಿ.”

ಲಾಲ್ ಬೀ ಮಡಿಲಿನ ಸಿಪ್ಪೆ ಕೊಡವಿದರು. ಕಥೆ ಅಷ್ಟೇ. ಹೊನ್ನೂರಮ್ಮ ಕೇಳಿದಳು: “ಮತ್ತ ಆ ಸೀಮಿಸುಣ್ಣ?”

“ನಮ್ಮ ಸೊಸಿ ಡಾಕ್ಟ್ರಮ್ಮನ ಟ್ರಂಕಿನಾಗ ಐತಿ. ತಂತಿ ಜೊತೀಗೆ.”

ಗೋಡೆಯಾಚೆ ಸ್ಕೂಟಿ ಬಂದು ನಿಂತ ಸದ್ದಾಯಿತು. ಬೆಸೆದ ಸ್ಟ್ಯಾಂಡು ನೆಲಕ್ಕೆ ಟಕ್ಕೆಂದಿತು. ಹೆಂಗಸರು ಮುಖ ಮುಖ ನೋಡಿಕೊಂಡು ನಕ್ಕರು, ಮೊರಗಳನ್ನು ಒಂದರ ಮೇಲೊಂದು ಇಟ್ಟರು, ಸೊಂಟ ಹಿಡಿದುಕೊಂಡು ಎದ್ದರು. ಶಾಪಿನ ಮುಂದೆ ಹೊಸದಾಗಿ ಬೆಸೆದ ಗೇಟೊಂದು ದಾರಿಗೆ ಅಡ್ಡವಾಗಿ ಮಲಗಿತ್ತು, ಕಪ್ಪಗೆ, ನಿರುಪದ್ರವಿಯಂತೆ. ಪಕ್ಕದಲ್ಲಿ ಬಿಳಿಯ ಗುರುತಿತ್ತು. ಯಾರೂ ಹೇಳದಿದ್ದರೂ ಐವರೂ ಸೀರೆಯ ನೆರಿಗೆ ಎತ್ತಿ ಹಿಡಿದು, ಅದನ್ನು ಬಳಸಿಕೊಂಡು ನಡೆದು, ತಮ್ಮ ತಮ್ಮ ಮನೆಗೆ ಹೋದರು.