ಒಂದು ಮುಖ ಆರಿಸಿಕೊಳ್ಳಿ

ಒಂಬತ್ತು ವರ್ಷದ ಹಿಂದೆ, ಗಂಡ ಮನೆ ಬಿಟ್ಟು ಹೋದ ದಿನ, ಅವಳು ಅಕ್ಕನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು: ಇನ್ನು ಯಾವ ಗಂಡಸಿನ ಮುಂದೆಯೂ ತಲೆ ತಗ್ಗಿಸುವುದಿಲ್ಲ.

ಆಮೇಲೆ ಅದನ್ನೇ ಕಸುಬು ಮಾಡಿಕೊಂಡಳು. ಹೊಸ ಭಾಷೆ ಕಲಿಯಲು ಸಂಜೆ ತರಗತಿಗೆ ಬರುವ ದೊಡ್ಡವರಿಗೆ, ನಾಲ್ಕು ಜನರ ಮುಂದೆ ನಿಂತು ಮಾತಾಡುವುದನ್ನು ಕಲಿಸುತ್ತಿದ್ದಳು. ಬೆನ್ನು ನೆಟ್ಟಗೆ, ಕೈ ಜೇಬಿನಿಂದ ಹೊರಗೆ, ತಲೆ ಮೇಲೆ. ನರ್ಸು ಕಲಿತಳು, ಬೇಕರಿಯವನು ಕಲಿತ. ಲಿಫ್ಟ್ ರಿಪೇರಿಯವನೊಬ್ಬ ಮಾತ್ರ ಅವಳ ಪ್ರಾಣ ತಿಂದ.

ತಪ್ಪು ಅವಳದೇ. ಹೆದರಿಕೆಯಾದರೆ ಎದುರಿಗಿರುವವರಲ್ಲಿ ಒಂದು ಮುಖ ಆರಿಸಿಕೊಂಡು ಅದಕ್ಕೇ ಹೇಳಿ ಎಂದು ಮೊದಲ ವಾರವೇ ಹೇಳಿಬಿಟ್ಟಿದ್ದಳು. ಅವನು ಅವಳದನ್ನು ಆರಿಸಿಕೊಂಡ. ಅವಳು ಕಿಟಕಿಯ ಬಳಿ ಹೋದರೆ ಅವನ ಕತ್ತು ಕಿಟಕಿಗೆ, ಬಾಗಿಲ ಬಳಿ ಹೋದರೆ ಬಾಗಿಲಿಗೆ. ಒಮ್ಮೆ ಬೇಕೆಂದೇ ಅವನ ಹಿಂದೆ, ಬೋರ್ಡಿನ ಪಕ್ಕ ನಿಂತಳು. ಅವನು ಇಡೀ ತರಗತಿಗೆ ಬೆನ್ನು ತೋರಿಸಿ, ಲಿಫ್ಟಿನ ಬ್ರೇಕು ನೋಡುವುದು ಹೇಗೆಂದು ಅವಳೊಬ್ಬಳಿಗೇ ವಿವರಿಸಿದ. ನರ್ಸು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

“ಅಲ್ಲ ಸ್ವಾಮಿ, ಮಂಗಳವಾರ ಭಾಷೆಯ ಮೌಖಿಕ ಪರೀಕ್ಷೆ. ಎರಡು ಸಲ ಫೇಲಾಗಿದ್ದೀರ. ಈ ಸಲವೂ ಹೋದ್ರೆ ಸೂಪರ್‌ವೈಸರ್ ಕೆಲಸ ಬೇರೆಯವರಿಗೆ. ಒಳಗೆ ಮೂರು ಜನ ಕೂತಿರ್ತಾರೆ, ನಾನಿರಲ್ಲ. ಯಾರನ್ನ ನೋಡ್ತೀರ?”

“ಅದೇ ಯೋಚನೆ ಟೀಚರ್,” ಎಂದ, ಅವಳನ್ನೇ ನೋಡುತ್ತ.

ಅವಳು ಡಸ್ಟರನ್ನು ಮೇಜಿನ ಮೇಲೆ ಕುಕ್ಕಿದಳು. ಆ ವಾರವೆಲ್ಲ ಮನೆಯಲ್ಲಿ ಪಾತ್ರೆಗಳೂ ಸದ್ದು ಮಾಡಿದವು. ಒಬ್ಬ ವಿದ್ಯಾರ್ಥಿಯ ಮೇಲೆ ಇಷ್ಟೊಂದು ಸಿಟ್ಟೇ ಎಂದು ಅಕ್ಕ ಫೋನಿನಲ್ಲಿ ಕೇಳಿದಾಗ ಸಿಟ್ಟು ಇನ್ನೂ ಏರಿತು.

ಬುಧವಾರ ಅವನು ಎಲ್ಲರಿಗಿಂತ ಮೊದಲೇ ಬಂದ. ಪಾಸಾಗಿದ್ದ.

“ಯಾರನ್ನ ನೋಡಿದ್ರಿ?”

“ಮೂವರಿಗೂ ನಿಮ್ಮ ಮುಖಾನೇ ಅಂಟಿಸ್ದೆ. ಮಧ್ಯದವರಿಗೆ ಮೀಸೆ ಇತ್ತು, ಸ್ವಲ್ಪ ಕಷ್ಟ ಆಯ್ತು.”

ಬಂದ ನಗುವನ್ನು ಅವಳು ನುಂಗಿಕೊಂಡಳು. ಪರೀಕ್ಷೆ ಮುಗಿಯಿತಲ್ಲ, ಇನ್ನು ತರಗತಿಗೆ ಬರುವ ಅಗತ್ಯವಿಲ್ಲ ಎಂದಳು. ಹೇಳಿದ ಮೇಲೆ ತನ್ನ ದನಿಯೇ ತನಗೆ ಹಿಡಿಸಲಿಲ್ಲ.

ಅವನು ಬೋರ್ಡಿನ ಮುಂದೆ ಹೋಗಿ ನಿಂತ. ಬೆನ್ನು ನೆಟ್ಟಗೆ, ಕೈ ಜೇಬಿನಿಂದ ಹೊರಗೆ. ಇನ್ನು ಮುಂದೆಯೂ ಈ ಮುಖವನ್ನೇ ನೋಡಿಕೊಂಡು ಮಾತಾಡಬೇಕು, ಒಂದೇ ಮನೆಯಲ್ಲಿ, ಮುದುಕನಾಗುವವರೆಗೆ ಎಂದು ಹೊಸ ಭಾಷೆಯಲ್ಲಿ ನಿಧಾನವಾಗಿ ಹೇಳಿದ. ಅವಳು ಅಭ್ಯಾಸಬಲದಿಂದ ತಪ್ಪು ಹುಡುಕಿದಳು. ಒಂದೂ ಇರಲಿಲ್ಲ.

“ತಲೆ ಎತ್ತಿ ಟೀಚರ್.”

ಎತ್ತಲಾಗಲಿಲ್ಲ. “ಹೂಂ,” ಎಂದಳು, ಅವನ ಬೂಟುಗಳನ್ನೇ ನೋಡುತ್ತ.

ಅಕ್ಕನಿಗೆ ಕೊಟ್ಟ ಮಾತಿಗೆ ತಪ್ಪಿದಳು.